ಮರಿ ತುಂಬಿದ ಗಾಡಿ ಮತ್ತು ಕರಿ ಕ್ಲಾಂಪು

ಗಾಡಿ ಬಿಳಿ ಬಣ್ಣದ್ದು ಎಂದು ನನ್ನ ನೆನಪು. ತಿಳಿ ಹಳದಿ ಎನ್ನುತ್ತಾರೆ ಆ ದಿನ ಜೊತೆಗಿದ್ದ ನನ್ನ ಸೋದರಮಾವ. ಅಂದಿನ ಡೈರಿಯಲ್ಲಿ ನಾನು ಬರೆದಿರುವುದು ಎರಡೇ ಸಾಲು, ಅದರಲ್ಲಿ ಬಣ್ಣದ ಮಾತಿಲ್ಲ. ಗೆದ್ದ ದಿನದ ನೆನಪನ್ನು ನಂಬುವುದು ನನಗೆ ಯಾವಾಗಲೂ ಕಷ್ಟ. ಸೋತ ದಿನ ಹೇಗೆ ನಡೆಯಿತೋ ಹಾಗೇ ಉಳಿದಿರುತ್ತದೆ, ಗೆದ್ದ ದಿನವನ್ನು ಮಾತ್ರ ಮನಸ್ಸು ಒರೆಸಿ ಒಪ್ಪ ಮಾಡಿ ಇಡುತ್ತದೆ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಯಾವ ಮಾತು ಮೊದಲು ಬಂತು, ಯಾವುದು ಆಮೇಲೆ ಎಂಬುದು ಅದಲುಬದಲಾಗಿರಬಹುದು. ಮೀಟರಿನ ಅಂಕಿಗಳು ಸ್ವಲ್ಪ ಆಚೀಚೆ ಇರಬಹುದು. ಮರಿಗಳ ಕೂಗಿನ ಬಗ್ಗೆ ಮಾತ್ರ ಅನುಮಾನವಿಲ್ಲ. ಅದು ಈಗಲೂ ಕಿವಿಯಲ್ಲಿದೆ.

ಹಿರಿಯೂರಿನಿಂದ ಹೊಸದುರ್ಗದ ಕಡೆ ಹೊರಳುವ ರಸ್ತೆಯಲ್ಲಿ ಮಾವನ ಆಟೊ ಎಲೆಕ್ಟ್ರಿಕಲ್ ಅಂಗಡಿ ಇದೆ. ಭೌತಶಾಸ್ತ್ರ ಓದಿ ಬಂದ ನಾನು ಅಲ್ಲಿ ಕೆಲಸಕ್ಕೆ ಸೇರಿ ಆಗಿನ್ನೂ ಬಹಳ ಕಾಲವಾಗಿರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಟ್ರ್ಯಾಕ್ಟರೊಂದು ಸಣ್ಣ ಗೂಡ್ಸ್ ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದು ನಮ್ಮ ಮುಂದೆ ಬಿಟ್ಟು ಹೋಯಿತು. ಗಾಡಿಯ ಹಿಂಭಾಗಕ್ಕೆ ಬಲೆ ಬಿಗಿದಿದ್ದರು. ಬಲೆಯೊಳಗೆ ಪೂರಾ ಕುರಿಮರಿಗಳು. ಹೊಕ್ಕುಳು ಇನ್ನೂ ಒಣಗದ ಕೂಸುಗಳೂ ಇದ್ದವು. ಎಲ್ಲವೂ ಒಟ್ಟಿಗೆ ಕೂಗುತ್ತಿದ್ದವು. ಅವುಗಳ ನಡುವೆ ಒಬ್ಬ ಹೆಂಗಸು, ಮಡಿಲಲ್ಲಿ ಒಂದು ಮರಿ ಇಟ್ಟುಕೊಂಡು, ಸೆರಗನ್ನು ತಲೆಗೆ ಬಿಗಿದುಕೊಂಡು ಕೂತಿದ್ದಳು. ಗಾಡಿ ಓಡಿಸುತ್ತಿದ್ದವನು ಅವಳ ಗಂಡನ ತಮ್ಮ.

ಇಬ್ಬರೂ ತುರುವನೂರಿನ ಕಡೆಯವರು. ಹೊಸದುರ್ಗದ ಕಡೆಯ ತೆಂಗಿನ ತೋಟದವರು ಗೊಬ್ಬರಕ್ಕಾಗಿ ರಾತ್ರಿ ತೋಟದಲ್ಲೇ ಕೂಡಿಹಾಕಿ ಕುರಿ ತರುಬಿಸಿಕೊಳ್ಳುತ್ತಾರೆ. ಆ ಕರೆಯ ಮೇಲೆ ಇವರ ಮಂದೆ ಹೊರಟಿತ್ತು. ಹಿಂದಿನ ದಿನ ವೇದಾವತಿಯ ದಡದಲ್ಲಿ ಬೀಡುಬಿಟ್ಟು, ಬೆಳಗ್ಗೆ ಮರಿಗಳಿಗೆ ಹಾಲು ಕುಡಿಸಿ ಗಾಡಿಗೆ ತುಂಬಿದ್ದರು. ತಾಯಿ ಕುರಿಗಳನ್ನು ಹೊಡೆದುಕೊಂಡು ಗಂಡ ಮತ್ತು ಉಳಿದವರು ನಡೆದು ಹೋಗಿದ್ದರು. ಸಂಜೆಗೆ ಮುಂದಿನ ತೋಟದಲ್ಲಿ ತಾಯಿಗೂ ಮರಿಗೂ ಭೇಟಿ. ಗಾಡಿ ಮೊದಲು ಹೋಗಿ ರೊಪ್ಪದ, ಅಂದರೆ ಕುರಿದೊಡ್ಡಿಯ, ಬಲೆ ಕಟ್ಟಿ ಕಾಯಬೇಕಿತ್ತು.

ತಡವಾದರೆ ಮರಿ ಹಸಿಯುತ್ತವೆ, ಅಷ್ಟೇ ತಾನೆ ಎಂದು ನಾನು ಅಂದುಕೊಂಡಿದ್ದೆ. ಆ ಹೆಂಗಸು ಬಲೆಯೊಳಗಿಂದಲೇ ತಿದ್ದಿದಳು.

"ಹಸಿವು ಹೆಂಗೋ ತಡೀತಾವೆ ಕಣಕ್ಕ. ಹೊತ್ತು ಮುಳುಗೋವಾಗ ಕೆಚ್ಚಲು ಬಿಗಿದು ತಾಯಿ ಮರಿ ಹುಡುಕ್ತೈತೆ. ಅಲ್ಲಿ ಇಲ್ಲಾಂದ್ರೆ ಬೆಳಗ್ಗೆ ಎಲ್ಲಿ ಕುಡಿಸಿತ್ತೋ ಅಲ್ಲಿಗೇ ತಿರುಗಿಬಿಡ್ತೈತೆ. ಒಂದು ತಿರುಗಿದ್ರೆ ಎಲ್ಲಾ ತಿರುಗ್ತಾವೆ. ಕತ್ತಲಾಗೆ ರೋಡ್ನಾಗೆ ಲಾರಿ ಬರ್ತಿರ್ತಾವೆ."

ಅಲ್ಲಿಂದ ಮುಂದೆ ನನಗೆ ಊಟ ಸೇರಲಿಲ್ಲ. ಬೇರೆ ಗಾಡಿ ಸಿಗುತ್ತದೇನೋ ಎಂದು ಮಾವ ಪರಿಚಯದವರನ್ನೆಲ್ಲ ವಿಚಾರಿಸಿದರು. ಅದು ತೆಂಗಿನಕಾಯಿ ಹೇರುವ ದಿನ. ಸಣ್ಣ ಗಾಡಿಗಳೆಲ್ಲ ಬೆಳಗ್ಗೆಯೇ ಹೊರಟುಹೋಗಿದ್ದವು.

ಡ್ರೈವರು ತನ್ನ ಕಥೆ ಹೇಳಿದ. ಮೊದಲು ಗಾಡಿ ಬೆಳಗಿನ ಹೊತ್ತು ಸ್ಟಾರ್ಟ್ ಆಗುತ್ತಿರಲಿಲ್ಲ. ದುರ್ಗದಲ್ಲಿ ಹೊಸ ಬ್ಯಾಟರಿ ಹಾಕಿಸಿದ. ಕೆಲವು ದಿನ ಸರಿಯಿತ್ತು, ಮತ್ತೆ ಅದೇ. ಹೊಳಲ್ಕೆರೆಯಲ್ಲಿ, ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರನ್ನೇ ಬದಲಾಯಿಸಿದ. ಮತ್ತೆ ಕೆಲವು ದಿನ. ಈಗ ಒಂದು ವಾರದಿಂದ ದಿನವೂ ತಳ್ಳುವುದೇ. ಆ ಬೆಳಗ್ಗೆ ಪಂಕ್ಚರಾದ ಚಕ್ರ ಬಿಚ್ಚಲು ನಿಲ್ಲಿಸಿದ್ದೇ ಕೊನೆ, ತಳ್ಳಿದರೂ ಹಿಡಿಯಲಿಲ್ಲ.

ಮಾವ ಬಾನೆಟ್ಟಿಗೆ ಕೈ ಊರಿ ತೀರ್ಪು ಕೊಟ್ಟರು. "ಡೈನಮೋ ಹೋಗೈತೆ. ಹಳೇದನ್ನ ಬಣ್ಣ ಹೊಡೆದು ಕೊಟ್ಟವ್ರೆ ನಿಂಗೆ." ನಮ್ಮ ಕಡೆ ಆಲ್ಟರ್ನೇಟರಿಗೆ ಹಳಬರೆಲ್ಲ ಈಗಲೂ ಡೈನಮೋ ಎನ್ನುವುದೇ ರೂಢಿ.

ಅದಕ್ಕೆ ಹೊಂದುವ ಆಲ್ಟರ್ನೇಟರು ನಮ್ಮಲ್ಲಿರಲಿಲ್ಲ. ಅಂಥ ಹೊತ್ತಿನಲ್ಲಿ ದುರ್ಗದ ಅಂಗಡಿಗೆ ಫೋನ್ ಮಾಡಿದರೆ ಅವರು ಸಾಮಾನನ್ನು ಚೀಲಕ್ಕೆ ಹಾಕಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಾರೆ, ನಾವು ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತೇವೆ. ಮಾವ ಫೋನ್ ಹಿಡಿದು ರಸ್ತೆಯಾಚೆಯ ಹುಣಸೆ ನೆರಳಿಗೆ ಹೋದರು. ಹಿಂತಿರುಗಿ ಬಂದು ಹೇಳಿದರು: "ಸಂಜೆ ಬಸ್ಸಿಗೆ ಹಾಕ್ತಾರಂತೆ."

ಸಂಜೆ ಬಸ್ಸು ಬಂದು, ಅದನ್ನು ಕೂರಿಸಿ, ಬೆಲ್ಟ್ ಬಿಗಿಯುವ ಹೊತ್ತಿಗೆ ಕುರಿಗಳು ವಾಪಸು ಹೊರಟಿರುತ್ತವೆ. ನಾನು ಮೀಟರ್ ತೆಗೆದುಕೊಂಡೆ.

ಆ ಮಾದರಿಯ ಗಾಡಿಯಲ್ಲಿ ಬ್ಯಾಟರಿ ಇರುವುದು ಮುಂದೆ ಅಲ್ಲ, ಹಿಂದಿನ ಹಲಗೆಯ ಕೆಳಗೆ, ಚಾಸಿ ಎಂಬ ಅಡಿಚೌಕಟ್ಟಿನ ಪಕ್ಕಕ್ಕೆ. ಅದರ ಮುಚ್ಚಳದ ಮೇಲೆ ನೀರಿನ ಕ್ಯಾನು, ಪಾತ್ರೆ ಗಂಟು, ಗೂಟಗಳನ್ನೆಲ್ಲ ಹಗ್ಗದಿಂದ ಬಿಗಿದಿದ್ದರು. ಬಿಚ್ಚಲು ಹೊತ್ತು ಹಿಡಿಯುತ್ತದೆ ಎಂದು ನಾನು ಮುಂದಿನ ಫ್ಯೂಸ್ ಬಾಕ್ಸಿನಲ್ಲೇ ಕೆಂಪು ಮೊನೆ ಇಟ್ಟು, ಕಪ್ಪು ಮೊನೆಯನ್ನು ಗಾಡಿಯ ಮೈಗೆ ತಾಗಿಸಿ ಓದಿದೆ. ಹನ್ನೊಂದು ವೋಲ್ಟಿನ ಸುತ್ತ. ಬ್ಯಾಟರಿ ಇಳಿದಿತ್ತು, ಅದರಲ್ಲಿ ಆಶ್ಚರ್ಯವಿರಲಿಲ್ಲ. ಆದರೆ ಬ್ಯಾಟರಿಯನ್ನು ನೋಡದೆ ಬ್ಯಾಟರಿಯನ್ನು ಅಳೆದೆ ಎಂದುಕೊಂಡದ್ದು ನನ್ನ ಮೊದಲ ಎಡವಟ್ಟು.

ಮಾವ ಅಂಗಡಿಯ ಬ್ಯಾಟರಿಯನ್ನು ತಳ್ಳುಗಾಡಿಯಲ್ಲಿ ತಂದು, ಅದರಿಂದ ಗಾಡಿಗೆ ಕರೆಂಟು ಕೊಡುವ ಜಂಪರ್ ವೈರನ್ನು ಮುಂದೆ ಬಾನೆಟ್ಟಿನೊಳಗೇ ಹಾಕಿದರು. ಡ್ರೈವರು ಸೆಲ್ಫ್ ಹೊಡೆದ. ಒಂದೇ ಏಟಿಗೆ ಇಂಜಿನ್ ಎದ್ದಿತು. ಬಲೆಯೊಳಗಿನ ಹೆಂಗಸು ಮರಿಯನ್ನು ಎತ್ತಿ ಮುದ್ದಿಸಿದಳು.

ಜಂಪರ್ ತೆಗೆದ ಮೇಲೂ ಇಂಜಿನ್ ಓಡುತ್ತಲೇ ಇತ್ತು. ಮುಂದೆಯೇ ಮತ್ತೆ ಅಳೆದೆ: ಹದಿನಾಲ್ಕಕ್ಕಿಂತ ಚೂರು ಮೇಲೆ, ಇರಬೇಕಾದಷ್ಟೇ. ಹೆಡ್‌ಲೈಟ್ ಹಾಕಿಸಿದೆ, ಹಾರನ್ ಒತ್ತಿಸಿದೆ, ಅಂಕಿ ಕದಲಲಿಲ್ಲ. ಹಗಲಲ್ಲೂ ಕಣ್ಣು ಕುಕ್ಕುವಷ್ಟು ಬೆಳಕು. ಹಾಳಾದ ಆಲ್ಟರ್ನೇಟರು ಹೀಗೆ ಬೆಳಕು ಕೊಡುವುದಿಲ್ಲ. ಮಾವ ಒಪ್ಪಲಿಲ್ಲ. ತಣ್ಣಗಿರುವಾಗ ಎಲ್ಲ ಡೈನಮೋಗಳೂ ಸಾಧುವೇ, ಬಿಸಿಯಾದ ಮೇಲೆ ಅವುಗಳ ಗುಣ ಗೊತ್ತಾಗುವುದು ಎಂದರು. ಅದು ಸುಳ್ಳಲ್ಲ. ಹಾಗಾಗಿ ಇಂಜಿನ್ ಬಿಸಿಯಾಗುವವರೆಗೂ ಕಾದೆವು. ಆಲ್ಟರ್ನೇಟರಿನ ಮೈ ಮುಟ್ಟಲಾಗದಷ್ಟು ಕಾಯಿತು. ಅಂಕಿ ಅಲ್ಲೇ ಇತ್ತು.

"ನಡೀರಿ ಮತ್ತೆ, ಹೋಗಾಣ," ಎಂದು ಡ್ರೈವರು ಬಾನೆಟ್ ಇಳಿಸಿದ. ಹೆಂಗಸು ನನಗೆ ಕೈ ಮುಗಿದಳು. ನಾನೂ ಹೋಗಿ ಎಂದಿದ್ದೆ ಅನ್ನಿಸುತ್ತದೆ. ಗಾಡಿ ಅರ್ಧ ತಿರುಗಿದಾಗ ಒಂದು ಮುಳ್ಳು ಒಳಗೆ ಚುಚ್ಚಿತು. ಇಷ್ಟು ಚೆನ್ನಾಗಿ ಹುಟ್ಟುವ ಕರೆಂಟು ಬ್ಯಾಟರಿಗೆ ಸೇರುತ್ತಿದ್ದರೆ ಬ್ಯಾಟರಿ ಯಾಕೆ ಇಳಿಯುತ್ತದೆ? ನಾನು ಓಡಿಹೋಗಿ ಡ್ರೈವರನ ಬಾಗಿಲು ತಟ್ಟಿ, ಒಂದು ಸಲ ಆರಿಸಿ ಮತ್ತೆ ಹಚ್ಚಿ ಎಂದೆ.

ಆರಿಸಿದ. ಕೀ ತಿರುವಿದ. ಟಿಕ್ ಎಂದಿತು. ಅಷ್ಟೇ.

ಆ ಹೆಂಗಸು ಬಲೆ ಸರಿಸಿ ಕೆಳಗಿಳಿದಳು. "ಓಡ್ತಿದ್ದ ಗಾಡಿನ ಯಾಕ್ ಆರ್ಸಿದ್ರಿ?" ಕೂಗಲಿಲ್ಲ. ಕೂಗಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. "ಇಲ್ಲಾದ್ರೆ ನಮ್ಮ ಬ್ಯಾಟರಿ ಐತೆ, ನಾಕು ಜನ ಅವ್ರೆ. ದಾರ್ಯಾಗೆ ಆರಿದ್ರೆ ಯಾರೂ ಸಿಗಲ್ಲ," ಎಂದು ನಾನು ಹೇಳಿದೆ. ಅದು ಸರಿಯಾದ ಉತ್ತರವೇ. ಆದರೂ ನನ್ನ ದನಿ ನನಗೇ ತೆಳುವಾಗಿ ಕೇಳಿಸಿತು.

ಈಗ ಹಗ್ಗ ಬಿಚ್ಚಲೇಬೇಕಾಯಿತು. ಡ್ರೈವರೂ ನಾನೂ ಕ್ಯಾನು, ಗಂಟು, ಗೂಟಗಳನ್ನು ಇಳಿಸಿದೆವು. ಮುಚ್ಚಳ ತೆಗೆದರೆ ಬ್ಯಾಟರಿ ಹೊಸದಾಗಿಯೇ ಕಂಡಿತು. ಟರ್ಮಿನಲ್ಲುಗಳು ಬಿಗಿಯಾಗಿದ್ದವು, ಮೇಲೆ ಗ್ರೀಸನ್ನೂ ಸವರಿದ್ದರು. ತಪ್ಪು ಹುಡುಕಲು ಜಾಗವೇ ಇಲ್ಲದಂತೆ ಇತ್ತು. ಇರಲಿ, ಮೊದಲು ಸ್ಟಾರ್ಟ್ ಮಾಡಿ ನೋಡೋಣ ಎಂದು ಜಂಪರಿನ ಎರಡೂ ಕ್ಲಾಂಪುಗಳನ್ನು ನಾನೇ ಆ ಟರ್ಮಿನಲ್ಲುಗಳಿಗೆ ಕಚ್ಚಿಸಿದೆ. ಟಿಕ್. ಕ್ಲಾಂಪನ್ನು ಅಲುಗಾಡಿಸಿ ಮತ್ತೆ ಕಚ್ಚಿಸಿದೆ. ಟಿಕ್. ನಮ್ಮ ಅಂಗಡಿಯ ಬ್ಯಾಟರಿಯೂ ಸತ್ತಿತೇ ಎಂದು ಅಳೆದರೆ ಅದು ಗಟ್ಟಿಯಾಗಿತ್ತು.

ಮಾವ ನಕ್ಕರು. "ಕೈಗುಣ ಬೇಕವ್ವ ಇದಕ್ಕೆ. ಪುಸ್ತಕದಾಗೆ ಬರಲ್ಲ. ಇತ್ತ ಕೊಡು."

ಅವರು ಬ್ಯಾಟರಿಯ ಹತ್ತಿರ ಹೋಗಲಿಲ್ಲ. ಅವರಿಗೆ ಮೊಣಕಾಲು ನೋವು, ಬಗ್ಗಿ ಕೂರುವುದು ಆಗುವುದಿಲ್ಲ. ತಳ್ಳುಗಾಡಿಯನ್ನು ಮುಂದಕ್ಕೆ ಎಳೆಸಿಕೊಂಡು ನಿಂತಲ್ಲಿಂದಲೇ ಕೆಂಪು ಕ್ಲಾಂಪನ್ನು ಆಲ್ಟರ್ನೇಟರಿನ ಬೋಲ್ಟಿಗೆ, ಕರಿ ಕ್ಲಾಂಪನ್ನು ಇಂಜಿನ್ ಎತ್ತುವ ಕಬ್ಬಿಣದ ಕೊಕ್ಕೆಗೆ ಕಚ್ಚಿಸಿದರು. ಡ್ರೈವರು ಕೀ ತಿರುವಿದ. ಇಂಜಿನ್ ಎದ್ದಿತು.

"ನೋಡಿದ್ಯಾ?" ಎಂದರು ಮಾವ. ಡ್ರೈವರು, ನಿಮ್ಮ ಕೈಯನ್ನೇ ಕತ್ತರಿಸಿ ಗಾಡಿಗೆ ಕಟ್ಟಿಕೊಂಡು ಹೋಗುತ್ತೇನೆ ಎಂದ. ಇದ್ದ ಗಾಡಿಗೇ ಕೈಕಾಲಿಲ್ಲ, ಸುಮ್ಮನಿರು ಎಂದು ಅವನ ಅತ್ತಿಗೆ ಗದರಿದಳು.

ನಾನು ನಗಲಿಲ್ಲ. ಅವರ ಕೈಗೂ ನನ್ನ ಕೈಗೂ ಇದ್ದ ವ್ಯತ್ಯಾಸ ಒಂದೇ ಎಂಬುದು ಆ ಕ್ಷಣ ಕಣ್ಣಿಗೆ ಬಿತ್ತು. ಕರಿ ಕ್ಲಾಂಪು ಕಚ್ಚಿದ ಜಾಗ. ಅದೇ ಬ್ಯಾಟರಿ, ಅದೇ ವೈರು, ಅದೇ ಗಾಡಿ. ಇಂಜಿನ್ನಿನಿಂದ ನನ್ನ ಕ್ಲಾಂಪಿಗೆ ಕರೆಂಟು ತಿರುಗಿ ಬರಬೇಕಾದರೆ ಬ್ಯಾಟರಿಯ ಮೈನಸ್ಸನ್ನು ಗಾಡಿಯ ಮೈಗೆ ಸೇರಿಸುವ ಅರ್ತ್ ವೈರನ್ನು ದಾಟಬೇಕಿತ್ತು. ಅವರ ಕ್ಲಾಂಪಿಗೆ ಆ ದಾರಿಯೇ ಬೇಕಿರಲಿಲ್ಲ.

ಹಸಿವೆಲ್ಲ ಮರೆತುಹೋಯಿತು. ಇಂಜಿನ್ ಆರಿಸಬೇಡಿ ಎಂದು ಕೂಗಿ ಮೀಟರ್ ತೆಗೆದುಕೊಂಡು ಹಿಂದಕ್ಕೆ ಓಡಿದೆ. ಮೊದಲು ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ಅಳೆದೆ. ಮುಂದೆ ಹದಿನಾಲ್ಕು ಇದ್ದದ್ದು ಇಲ್ಲಿ ಹನ್ನೆರಡು ಚಿಲ್ಲರೆ. ಆಮೇಲೆ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದು, ಇನ್ನೊಂದಕ್ಕೆ ಉದ್ದ ವೈರು ಕಟ್ಟಿ ಇಂಜಿನ್ನಿನ ಮೈಗೆ ಹಿಡಿಯುವಂತೆ ಡ್ರೈವರನಿಗೆ ಹೇಳಿದೆ. ಎರಡೂ ಒಂದೇ ಆಗಿರಬೇಕಾದ ಜಾಗಗಳು. ಮೀಟರು ಸೊನ್ನೆಯ ಹತ್ತಿರ ಇರಬೇಕು. ಅದು ಎರಡು ವೋಲ್ಟ್ ತೋರಿಸಿತು. ಹುಟ್ಟಿದ್ದರಲ್ಲಿ ಅಷ್ಟು ದಾರಿಯಲ್ಲೇ ಸೋರಿಹೋಗುತ್ತಿತ್ತು. ಕಾಲೇಜಿನ ಲ್ಯಾಬಿನಲ್ಲಿ ನಾನು ಎಷ್ಟೋ ಸಲ ಇಂಥ ಅಂಕಿ ಬರೆದಿದ್ದೇನೆ. ಅಂಕಿಯನ್ನು ನೋಡಿ ಕುಣಿಯಬೇಕು ಅನ್ನಿಸಿದ್ದು ಅದೊಂದೇ ಸಲ.

"ಡೈನಮೋ ಬಿಚ್ಚೋದು ಬೇಡ ಮಾವ," ಎಂದೆ.

"ಬಸ್ಸಿಗೆ ಹಾಕ್ಸಾಯ್ತಲ್ಲ?"

"ಬಂದ್ರೆ ಬರ್ಲಿ."

ಮಾವ ಒಂದು ಹಲಗೆ ಎಳೆದುಕೊಂಡು ಕೂತು ಎಲೆಗೆ ಸುಣ್ಣ ಹಚ್ಚತೊಡಗಿದರು. ನನ್ನ ಮಾತು ಸುಳ್ಳಾದರೆ ಆ ಹೊತ್ತು ಪೂರ್ತಿ ದಂಡ. ಬಿಚ್ಚಿ ತಯಾರಾಗಿಟ್ಟುಕೊಳ್ಳುವ ಕೆಲಸವೂ ಆಗಿರುವುದಿಲ್ಲ. ಅದು ಗೊತ್ತಿದ್ದೇ ಹೇಳಿದೆ.

ಇಂಜಿನ್ ಆರಿಸಿ, ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ನುಗ್ಗಿದೆ. ಮೇಲೆ ಮರಿಗಳ ಗೊರಸುಗಳು ಹಲಗೆಯ ಮೇಲೆ ಪಟಪಟ ಸದ್ದು ಮಾಡುತ್ತಿದ್ದವು. ಬ್ಯಾಟರಿಯ ಮೈನಸ್ಸಿನಿಂದ ಬಂದ ದಪ್ಪ ವೈರು ಚಾಸಿಗೆ ಸೇರುವ ಬೋಲ್ಟನ್ನು ಕೈಯಿಂದ ತಡವುತ್ತಿದ್ದಾಗ ಮಣಿಕಟ್ಟಿನ ಮೇಲೆ ಏನೋ ಬೆಚ್ಚಗೆ ಬಿತ್ತು. ಇನ್ನೊಂದು ಹನಿ. ತಲೆ ಎತ್ತಿ ನೋಡಿದರೆ ಹಲಗೆಯಲ್ಲಿ ಒಂದು ತೂತು, ಅದರ ಅಂಚಿನಿಂದ ಮರಿಗಳ ಉಚ್ಚೆ ತೊಟ್ಟಿಕ್ಕುತ್ತಿತ್ತು. ಸವೆದು ಆದ ತೂತಲ್ಲ, ಡ್ರಿಲ್ ಹಾಕಿ ಕೊರೆದದ್ದು. ಹನಿ ನೇರ ವೈರಿನ ಮೇಲೆ ಬಿದ್ದು, ವೈರಿನ ಗುಂಟ ಇಳಿದು, ಬೋಲ್ಟಿನ ಹತ್ತಿರ ನಿಲ್ಲುತ್ತಿತ್ತು. ಅಲ್ಲಿ ಹಿಕ್ಕೆ, ಧೂಳು ಸೇರಿ ಗಟ್ಟಿಯಾದ ಒಂದು ಉಂಡೆ. ಸ್ಕ್ರೂಡ್ರೈವರಿನಿಂದ ಎಬ್ಬಿಸಿದರೆ ಕೆಳಗೆ ಬೋಲ್ಟಿನ ತಲೆ ಭದ್ರವಾಗಿಯೇ ಇತ್ತು. ಸ್ಪ್ಯಾನರ್ ಹಾಕಿ ಅರ್ಧ ಸುತ್ತು ತಿರುಗಿಸಿದೆ. ವೈರಿನ ತುದಿಯ ತಾಮ್ರದ ಬಳೆ ಹಸಿರು ಪುಡಿಯಾಗಿ ಮುಖದ ಮೇಲೆ ಉದುರಿತು.

ಕಣ್ಣು ಮುಚ್ಚಿಕೊಂಡೇ ಕೂಗಿದೆ: "ಸಿಕ್ತು!"

ಹೊರಗೆ ಬಂದು ಹಸಿರು ಪುಡಿಯನ್ನು ಅಂಗೈಯಲ್ಲಿ ತೋರಿಸಿದೆ. ತೂತು ಕೊರೆದವರು ಯಾರು ಎಂದಾಗ ಡ್ರೈವರು ಅತ್ತಿಗೆಯ ಮುಖ ನೋಡಿದ. ಅವಳು ಮುಖ ತಿರುಗಿಸಲಿಲ್ಲ. "ನಾನೇ ಕೊರ್ಸಿದ್ದು. ಹೋದ ಸಲ ಹಲಗೆ ಮ್ಯಾಲೆ ಉಚ್ಚೆ ನಿಂತು ಮರಿಗಳಿಗೆ ಗೊರಸು ಕೊಳೆತು ಹೋದ್ವು. ಎತ್ಕಂಡು ಎತ್ಕಂಡು ಕುಡಿಸ್ಬೇಕಾಯ್ತು. ಆಮ್ಯಾಲೆ ವೆಲ್ಡಿಂಗ್‌ನೋರ ಹತ್ರ ನಿಂತ್ಕಂಡು ತೂತು ಹಾಕ್ಸಿದೆ." ಎರಡನೇ ಉಸಿರಿಗೆ ಸೇರಿಸಿದಳು: "ಮುಚ್ಚು ಅಂದ್ರೆ ಮುಚ್ಚಲ್ಲ."

ಮುಚ್ಚು ಎಂದು ಹೇಳಲು ನನಗೂ ಮನಸ್ಸಿರಲಿಲ್ಲ. ಮರಿಯ ಕಾಲು ಒಣಗಿರಲಿ ಎಂದು ಮಾಡಿದ ಕೆಲಸ ಅದು. ಕುರಿ ಸಾಕುವವರಿಗೆ ಬ್ಯಾಟರಿ ಎಲ್ಲಿದೆ ಎಂಬುದು ಯಾಕೆ ನೆನಪಾಗಬೇಕು? ಬ್ಯಾಟರಿ ಹಾಕಿದವರಿಗೆ, ಆಲ್ಟರ್ನೇಟರು ಹಾಕಿದವರಿಗೆ ಆ ತೂತು ಕಾಣಲಿಲ್ಲ. ಮೊದಲ ಸಲ ನನಗೂ ಕಾಣಲಿಲ್ಲ.

ಮುಂದಿನ ಕೆಲಸದಲ್ಲಿ ನಾವು ನಾಲ್ವರೂ ಸೇರಿದೆವು. ಲಾರಿಗೆ ಹಾಕುವ ದಪ್ಪ ವೈರು ಅಂಗಡಿಯಲ್ಲಿತ್ತು. ಮಾವ ಅದರ ಎರಡು ತುದಿಗೂ ಹೊಸ ಬಳೆ ಒತ್ತಿ ಬೆಸುಗೆ ಹಾಕಿ ಕೊಟ್ಟರು. ಅವರ ಬೆಸುಗೆ ನೋಡುವಂಥದ್ದು, ಹಾಲಿನ ಕೆನೆಯ ಹಾಗೆ ನಯವಾಗಿ ಕೂರುತ್ತದೆ. ನಾನು ಅದನ್ನು ಚಾಸಿಯ ಗೊಡವೆಯಿಲ್ಲದೆ ಬ್ಯಾಟರಿಯ ಮೈನಸ್ಸಿನಿಂದ ನೇರ ಗೇರ್‌ಬಾಕ್ಸಿನ ಬೋಲ್ಟಿಗೆ ಎಳೆದೆ. ಹಳೆಯ ಜಾಗವನ್ನೂ ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಒಂದು ತುಂಡು ವೈರಿನಿಂದ ಕಟ್ಟಿ, ಗ್ರೀಸ್ ತುಂಬಿದೆ. ತೂತಿಗೆ ಏನು ಮಾಡುವುದು ಎಂದು ನಾನು ಯೋಚಿಸುತ್ತಿರುವಾಗಲೇ ಆ ಹೆಂಗಸು ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸೈಕಲ್ ಟ್ಯೂಬನ್ನು ಎತ್ತಿಕೊಂಡು ಬಂದಳು. ಅದರ ಬಾಯನ್ನು ಹಲಗೆಯ ಕೆಳಗೆ ತೂತಿಗೆ ಸಿಕ್ಕಿಸಿ ತಂತಿ ಬಿಗಿದು, ಬಾಲವನ್ನು ಚಕ್ರದ ಹಿಂದಕ್ಕೆ ಇಳಿಬಿಟ್ಟೆವು. ಅವಳು ಚೊಂಬಿನಲ್ಲಿ ನೀರು ಹೊಯ್ದು ನೋಡಿದಳು. ನೀರು ರಸ್ತೆಗೆ ಬಿತ್ತು. ಬ್ಯಾಟರಿಯ ಮೇಲೆ ಒಂದು ಹನಿಯೂ ಇಲ್ಲ.

ನಮ್ಮ ಅಂಗಡಿಯಲ್ಲಿ ಚಾರ್ಜಿನಲ್ಲಿದ್ದ ಒಂದು ಬ್ಯಾಟರಿಯನ್ನು ಅವರದಕ್ಕೆ ಬದಲಾಗಿ ಆ ದಿನದ ಮಟ್ಟಿಗೆ ಕೂರಿಸಿದೆ. ಡ್ರೈವರು ಕೀ ತಿರುವಿದ. ಎದ್ದಿತು. ಬ್ಯಾಟರಿಯ ಟರ್ಮಿನಲ್ಲುಗಳ ಮೇಲೆಯೇ ಅಳೆದೆ: ಹದಿನಾಲ್ಕು. ಇಂಜಿನ್ನಿನ ಮೈಗೂ ಮೈನಸ್ಸಿಗೂ ನಡುವೆ ಇದೆಯೋ ಇಲ್ಲವೋ ಎಂಬಂಥ ಅಂಕಿ.

ಆರಿಸು ಎಂದು ಹೇಳುವ ಧೈರ್ಯ ಈ ಸಲ ನನಗೆ ಬರಲಿಲ್ಲ. ಹೇಳಿದವಳು ಆ ಹೆಂಗಸು.

"ಲೇ, ಆರ್ಸು."

ಮೈದುನ ಅವಳನ್ನು ನೋಡಿದ. ಆರಿಸಿದ. ಹಚ್ಚಿದ. ಎದ್ದಿತು.

"ಇನ್ನೊಂದ್ಸಲ."

ಎದ್ದಿತು. ಅವಳು ಬಲೆಯೊಳಗೆ ಹತ್ತಿ ಕೂತಳು. ನನಗೆ ಮುಂದಿನ ಸೀಟು ತೋರಿಸಿ ಹೇಳಿದಳು: "ಬರ್ರಿ ಅಕ್ಕ, ಕುಂತ್ಕಳ್ರಿ. ಮಧ್ಯದಾಗೆ ಕೈ ಕೊಟ್ರೆ ನೀವೇ ತಳ್ರಿ."

ಮಾವ ಹೋಗಿ ಬಾ ಎಂದರು. ನಾನು ಕೈಯನ್ನೂ ತೊಳೆಯದೆ ಹತ್ತಿದೆ. ಹೊಸದುರ್ಗದ ರಸ್ತೆಯಲ್ಲಿ ಬಿಸಿಲು ಎದುರಿಗೇ ಇತ್ತು. ನನ್ನ ಕಣ್ಣು ರಸ್ತೆಯ ಮೇಲಿರಲಿಲ್ಲ. ಮೀಟರನ್ನು ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸಿಕೊಂಡು ಅದನ್ನೇ ನೋಡುತ್ತಿದ್ದೆ. ಉಬ್ಬು ಬಂದಾಗಲೆಲ್ಲ ಉಸಿರು ಹಿಡಿಯುತ್ತಿದ್ದೆ. ಅಂಕಿ ಕದಲಲಿಲ್ಲ.

ತೋಟ ತಲುಪಿದಾಗ ಹೊತ್ತು ಇನ್ನೂ ತೆಂಗಿನ ಗರಿಗಳ ಮೇಲಿತ್ತು. ಬಲೆ ಕಟ್ಟಿ ಮುಗಿಸುವ ಮೊದಲೇ ದೂರದಲ್ಲಿ ಧೂಳು ಕಂಡಿತು. ಮರಿಗಳಿಗೆ ಅದು ಹೇಗೆ ಗೊತ್ತಾಯಿತೋ, ಒಮ್ಮೆಲೇ ಸುಮ್ಮನಾದವು. ಆಮೇಲೆ ಇಡೀ ದಿನ ಕೂಗಿದ್ದಕ್ಕಿಂತ ಜೋರಾಗಿ ಕೂಗಿದವು. ಆ ಕಡೆಯಿಂದ ದಪ್ಪ ದನಿಗಳ ಉತ್ತರ ಬಂತು. ಕುರಿಗಳು ಓಡತೊಡಗಿದವು. ಹೆಂಗಸು ಬಲೆಯ ಬಾಯಿ ಬಿಚ್ಚಿದಳು. ಆ ಧೂಳಿನಲ್ಲಿ ಯಾವುದು ಯಾರ ಮರಿ ಎಂದು ನನಗೆ ಗೊತ್ತಾಗುವ ಹಾಗಿರಲಿಲ್ಲ, ಅವುಗಳಿಗೆ ಗೊತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಕೂಗು ಒಂದೊಂದೇ ನಿಂತು, ಬಾಲ ಅಲುಗುವುದಷ್ಟೇ ಉಳಿಯಿತು. ನನ್ನ ಹಿಂದೆ ಡ್ರೈವರು ಯಾರೂ ಹೇಳದೆಯೇ ಗಾಡಿಯನ್ನು ಆರಿಸಿ, ಹಚ್ಚಿ, ಮತ್ತೆ ಆರಿಸಿ ಆಡುತ್ತಿದ್ದ.

ಅವನೇ ನನ್ನನ್ನು ರಸ್ತೆಗೆ ತಂದು ಬಸ್ಸು ಹತ್ತಿಸಿದ. ಹಿರಿಯೂರಿನಲ್ಲಿ ಇಳಿದಾಗ ಆಲ್ಟರ್ನೇಟರಿನ ಚೀಲದ ನೆನಪಾಯಿತು. ಹೇಗೂ ಸ್ಟ್ಯಾಂಡಿನಲ್ಲೇ ಇದ್ದೇನೆ, ಇಳಿಸಿಕೊಂಡು ಹೋಗೋಣ ಎಂದು ವಿಚಾರಿಸಿದೆ. ದುರ್ಗದ ಸಂಜೆ ಬಸ್ಸು ಬಂದು ಹೋಗಿತ್ತು. ನಮ್ಮ ಅಂಗಡಿಯ ಹೆಸರಿಗೆ ಏನೂ ಬಂದಿರಲಿಲ್ಲ. ಮರುದಿನವೂ ಬರಲಿಲ್ಲ. ಯಾಕೆ ಕಳಿಸಲಿಲ್ಲ ಎಂದು ಮಾವ ದುರ್ಗದವರನ್ನು ಬೈದದ್ದನ್ನೂ ನಾನು ಕೇಳಲಿಲ್ಲ.

ಮೊದಲ ಸಲ ಜಂಪರ್ ಹಾಕಿದಾಗಲೂ ಮಾವ ಕರಿ ಕ್ಲಾಂಪನ್ನು ಆ ಕೊಕ್ಕೆಗೇ ಹಾಕಿದ್ದರು ಎಂದು ಈಗ ನೆನಪಾಗುತ್ತಿದೆ. ಅಥವಾ ಎಲ್ಲ ತಿಳಿದ ಮೇಲೆ ನೆನಪೇ ಅಲ್ಲಿಗೆ ತಂದು ಹಾಕಿಕೊಂಡಿತೋ ಹೇಳಲಾರೆ. ಎರಡನೇ ಸಲ ಕೈಗುಣ ಎಂದು ನಕ್ಕಾಗ ಅವರು ನೋಡುತ್ತಿದ್ದದ್ದು ಇಂಜಿನ್ನನ್ನೋ ನನ್ನನ್ನೋ ಎಂಬುದೂ ಸರಿಯಾಗಿ ಕಾಣುತ್ತಿಲ್ಲ. ತಪ್ಪು ಅರ್ತಿನಲ್ಲಿದೆ ಎಂದು ಮೊದಲೇ ಗೊತ್ತಿದ್ದೂ, ನಾನೇ ಹುಡುಕಲಿ ಎಂದು ಕಾದರೋ ಏನೋ. ಮೊಣಕಾಲು ನೋವು ಮಾತ್ರ ನಿಜ. ಅದಕ್ಕೆ ನಾನೇ ಎಣ್ಣೆ ಹಚ್ಚುತ್ತೇನೆ.

ಕೆಲವು ದಿನ ಬಿಟ್ಟು, ಅಂಗಡಿಯಲ್ಲಿ ನಾವಿಬ್ಬರೇ ಇದ್ದಾಗ, ಅವರು ಬೆಸುಗೆಯ ಕಡ್ಡಿ ಕಾಯಿಸುತ್ತಿದ್ದಾಗ ಕೇಳಿದೆ. ಕಡ್ಡಿ ಕಾಯಿತು, ಬೆಸುಗೆ ಬಿತ್ತು, ಅದನ್ನು ಊದಿ ಆರಿಸಿ ಬೆಳಕಿಗೆ ಹಿಡಿದು ನೋಡಿದರು. ಉತ್ತರ ಇವತ್ತಿಗೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಮಾವ, ಅವತ್ತು ಹುಣಸೆ ಮರದ ಕೆಳಗೆ ನಿಂತ್ಕಂಡು ನಿಜವಾಗ್ಲೂ ದುರ್ಗಕ್ಕೆ ಫೋನ್ ಮಾಡಿದ್ರಾ?"